ಭರತ್‌ಪುರದ ಜೌಗಿನಲ್ಲಿ ಹಕ್ಕಿ ನೋಡುವುದು: ಮೊದಲು ನೀರು, ಆಮೇಲೆ ಹಕ್ಕಿ

ರಾಜಸ್ಥಾನದ ಭರತ್‌ಪುರಕ್ಕೆ ಹಕ್ಕಿ ನೋಡಲು ಹೊರಟವರು ಸಾಮಾನ್ಯವಾಗಿ ಕೇಳುವುದು ‘ಯಾವ ತಿಂಗಳು ಹೋದರೆ ಒಳ್ಳೆಯದು?’ ಎಂದು. ಕೇಳಬೇಕಾದದ್ದು ‘ಈ ವರ್ಷ ನೀರು ಎಷ್ಟು ಬಂದಿದೆ?’ ಎಂದು. ಡಿಸೆಂಬರಿನಲ್ಲೇ ಹೋಗಿಯೂ ಬಿರುಕು ಬಿಟ್ಟ ನೆಲ ನೋಡಿಕೊಂಡು ಬಂದವರಿದ್ದಾರೆ. ಸೆಪ್ಟೆಂಬರಿನ ಸೆಕೆಯಲ್ಲಿ ಹೋಗಿ ಒಂದೊಂದು ಮರದಲ್ಲಿ ಹತ್ತಾರು ಗೂಡು ಕಂಡವರೂ ಇದ್ದಾರೆ.

ಈ ಜೌಗು ಇರುವ ಕೇವಲಾದೇವ ರಾಷ್ಟ್ರೀಯ ಉದ್ಯಾನವನ್ನು ಊರಿನವರು ‘ಘನಾ’ ಎನ್ನುತ್ತಾರೆ, ದಟ್ಟವಾದದ್ದು ಎಂಬ ಅರ್ಥದಲ್ಲಿ. ಒಟ್ಟು ಸುಮಾರು 29 ಚದರ ಕಿಲೋಮೀಟರ್. ಅದರಲ್ಲಿ ಜೌಗು ಮೂರನೆಯ ಒಂದು ಪಾಲಿನಷ್ಟು, ಉಳಿದದ್ದು ಹುಲ್ಲುಗಾವಲು ಮತ್ತು ಕುರುಚಲು ಕಾಡು. ನೆಲ ಸಹಜವಾಗಿಯೇ ತಗ್ಗು. ಆದರೆ ಅಲ್ಲಿ ನಿಲ್ಲುವ ನೀರು ಮನುಷ್ಯ ತಂದದ್ದು. 18ನೇ ಶತಮಾನದಲ್ಲಿ ಮಹಾರಾಜ ಸೂರಜ್‌ಮಲ್ ಕಟ್ಟಿಸಿದ ಅಜಾನ್ ಬಂಡ್ ಎಂಬ ಒಡ್ಡಿನಿಂದ ಕಾಲುವೆಯಲ್ಲಿ ನೀರು ಬಂದು, ಏರಿಗಳಿಂದ ಬೇರ್ಪಟ್ಟ ತಗ್ಗುಗಳಿಗೆ ತೂಬುಗಳ ಮೂಲಕ ಹರಿಯುತ್ತದೆ. ನಮ್ಮ ಕಡೆಯ ಸರಣಿ ಕೆರೆಗಳನ್ನು ಕಂಡವರಿಗೆ ಈ ಏರ್ಪಾಟು ಹೊಸದಲ್ಲ. ಈ ತಗ್ಗುಗಳನ್ನು ಅಲ್ಲಿ ಬ್ಲಾಕ್ ಎನ್ನುತ್ತಾರೆ, ಇಂಗ್ಲಿಷ್ ಅಕ್ಷರಗಳಲ್ಲಿ ಗುರುತಿಸುತ್ತಾರೆ. ಒಂದೊಂದು ಬ್ಲಾಕಿನ ಆಳ ಒಂದೊಂದು ಥರ, ಅದೂ ವಾರದಿಂದ ವಾರಕ್ಕೆ ಬದಲಾಗುತ್ತದೆ. ಹಾಗಾಗಿ ಹೋದ ವರ್ಷ ಯಾರೋ ಬಾತು ಕಂಡ ಜಾಗದಲ್ಲಿ ಈ ವರ್ಷ ಜಿಂಕೆ ಮೇಯುತ್ತಿರಬಹುದು.

ದಿನ ಗೊತ್ತುಮಾಡುವುದು

ಹೊರಡುವ ಎರಡು ಮೂರು ವಾರ ಮುಂಚೆ ಉಳಿಯಲಿರುವ ವಸತಿಗೃಹಕ್ಕೋ ಅಲ್ಲಿನ ಗೈಡ್ ಒಬ್ಬರಿಗೋ ಫೋನ್ ಮಾಡಿ. ‘ಹಕ್ಕಿ ಇವೆಯಾ?’ ಎಂದು ಕೇಳಿದರೆ ‘ಬಹಳ ಇವೆ’ ಎಂದೇ ಉತ್ತರ ಬರುತ್ತದೆ. ಹೀಗೆ ಕೇಳಿ: ಸಪನ್ ಮೋರಿಯ (ಉದ್ಯಾನದೊಳಗಿನ ರಸ್ತೆಗಳು ಕೂಡುವ ಜಾಗ) ಸುತ್ತ ಎರಡೂ ಕಡೆ ನೀರಿದೆಯೇ? ಬಣ್ಣದ ಕೊಕ್ಕರೆ ಈ ಸಲ ಗೂಡು ಕಟ್ಟಿದೆಯೇ? ಒಳಗಿನ ಕೇವಲಾದೇವ ದೇವಸ್ಥಾನದ ಆಚೆಗೂ ನೀರು ಮುಟ್ಟಿದೆಯೇ? ಮೂರಕ್ಕೂ ಹೌದು ಎಂದರೆ ಒಳ್ಳೆಯ ವರ್ಷ. ಗಂಭೀರ್ ನದಿಗೆ ಮೇಲ್ಗಡೆ ಪಾಂಚನಾ ಅಣೆಕಟ್ಟು ಬಂದಮೇಲೆ ಅಜಾನ್ ಬಂಡ್‌ಗೆ ನದಿ ನೀರು ಬರುವುದು ಮಳೆಯ ಮರ್ಜಿಗೆ ಬಿದ್ದಿದೆ. ಗೋವರ್ಧನ ನಾಲೆಯಿಂದಲೂ ಚಂಬಲ್‌ನಿಂದಲೂ ಕೊಳವೆಯಲ್ಲಿ ನೀರು ತರುತ್ತಾರಾದರೂ ಹೊಳೆಯ ನೀರಿನ ಜತೆ ಬರುವ ಮೀನುಮರಿ ಕೊಳವೆ ನೀರಿನಲ್ಲಿ ಅಷ್ಟಾಗಿ ಬರುವುದಿಲ್ಲ. ಮೀನು ಕಡಿಮೆಯಾದರೆ ಗೂಡೂ ಕಡಿಮೆ.

ನೀರಿದೆ ಎಂದಾದರೆ ತಿಂಗಳ ಲೆಕ್ಕ ಸುಲಭ. ಜುಲೈಯಿಂದ ಅಕ್ಟೋಬರ್ ಗೂಡಿನ ಕಾಲ. ಬಾಯ್ಕಳಕ, ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿ, ಚಮಚಕೊಕ್ಕಿನ ಹಕ್ಕಿ, ಬಿಳಿ ಕೆಂಬರಲು ಮೊದಲು ಕಟ್ಟುತ್ತವೆ. ಬಣ್ಣದ ಕೊಕ್ಕರೆ ಸ್ವಲ್ಪ ತಡ. ಅದರ ಮರಿಗಳನ್ನು ಚಳಿಗಾಲದಲ್ಲೂ ನೋಡಬಹುದು. ನಮ್ಮ ಕೊಕ್ಕರೆ ಬೆಳ್ಳೂರಿನಲ್ಲಿ ಇದೇ ಹಕ್ಕಿ ಬೇಸಿಗೆಯ ಕಡೆಗೆ ಮರಿ ಮಾಡುತ್ತದೆ, ಇಲ್ಲಿ ಮುಂಗಾರಿನ ನೀರು ನಿಂತು ಮೀನು ಹೆಚ್ಚಿದ ಮೇಲೆ. ಅಕ್ಟೋಬರ್ ನಡುವಿನಿಂದ ವಲಸೆ ಬಾತುಗಳು ಇಳಿಯುತ್ತವೆ. ನವೆಂಬರ್ ಕೊನೆಯಿಂದ ಫೆಬ್ರವರಿ ನಡುವಿನವರೆಗೆ ಸಂಖ್ಯೆ ಜಾಸ್ತಿ. ಒಂದೇ ಸಲ ಹೋಗುವುದಾದರೆ ನವೆಂಬರಿನ ಎರಡನೆಯ ಅರ್ಧ ನಮ್ಮ ಆಯ್ಕೆ: ಕೊಕ್ಕರೆ ಮರಿಗಳಿನ್ನೂ ಗೂಡಿನಲ್ಲಿರುತ್ತವೆ, ಬಾತು ಬಂದಿರುತ್ತವೆ, ಮಂಜು ಇನ್ನೂ ಕವಿದಿರುವುದಿಲ್ಲ. ಡಿಸೆಂಬರ್ 25ರಿಂದ ಜನವರಿ 1ರವರೆಗೆ ಜನಜಂಗುಳಿ. ಆ ವಾರ ಬಿಟ್ಟರೆ ಒಳ್ಳೆಯದು.

ಪೂರ್ತಿ ಎರಡು ದಿನ ಇಟ್ಟುಕೊಳ್ಳಿ. ಆಗ್ರಾದಿಂದ ಬೆಳಿಗ್ಗೆ ಬಂದು ಸಂಜೆ ಹೋಗುವ ಪ್ರವಾಸದಲ್ಲಿ ಹಕ್ಕಿಗಳು ಚುರುಕಾಗಿರುವ ಎರಡೂ ಹೊತ್ತು, ನಸುಕು ಮತ್ತು ಇಳಿಹೊತ್ತು, ರಸ್ತೆಯಲ್ಲೇ ಕಳೆದುಹೋಗುತ್ತವೆ.

ಇನ್ನೊಂದು ಮಾತು. ಪಟ್ಟೆತಲೆ ಹೆಬ್ಬಾತು ಒಂದನ್ನೇ ನೋಡಬೇಕೆಂಬ ಆಸೆಯಾದರೆ ಇಷ್ಟು ದೂರ ಹೋಗಬೇಕಿಲ್ಲ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಡಿಸೆಂಬರ್–ಫೆಬ್ರವರಿಯಲ್ಲಿ ಹೋದರೆ ಸಾಕು.

ತಲುಪುವುದು

ಬೆಂಗಳೂರಿನಿಂದ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿದರೆ ಎರಡು ರಾತ್ರಿ ಕಳೆದು ಆಗ್ರಾ ಕ್ಯಾಂಟ್‌ನಲ್ಲಿ ಇಳಿಯಬಹುದು. ಅಲ್ಲಿಂದ ಭರತ್‌ಪುರ ಸುಮಾರು 55 ಕಿ.ಮೀ. ಈದ್‌ಗಾ ಬಸ್ ನಿಲ್ದಾಣದಿಂದ ಫತೇಪುರ್ ಸಿಕ್ರಿ ಮಾರ್ಗವಾಗಿ ಬಸ್ಸುಗಳಿವೆ. ವಿಮಾನದಲ್ಲಿ ದೆಹಲಿಗೆ ಹೋದವರಿಗೆ ಅಲ್ಲಿಂದ ಮಥುರಾ–ಕೋಟಾ ದಾರಿಯ ರೈಲು, ಜೈಪುರಕ್ಕೆ ಹೋದವರಿಗೆ ಬಸ್ಸು. ಉದ್ಯಾನದ ಮುಖ್ಯ ಗೇಟು ಆಗ್ರಾ–ಜೈಪುರ ಹೆದ್ದಾರಿಯಲ್ಲೇ ಇದೆ. ಆ ಕಡೆಯಿಂದ ಬರುವ ಬಸ್ಸಿನಲ್ಲಿ ಕಂಡಕ್ಟರಿಗೆ ‘ಘನಾ ಗೇಟ್’ ಎಂದು ಹೇಳಿಟ್ಟರೆ ಊರೊಳಗೆ ಹೋಗಿ ಆಟೊ ಹಿಡಿದು ವಾಪಸ್ಸು ಬರುವುದು ತಪ್ಪುತ್ತದೆ.

ಎಡವುವುದು ಮಂಜಿನಲ್ಲಿ. ಡಿಸೆಂಬರ್ ಕೊನೆಯಿಂದ ಜನವರಿ ಪೂರ್ತಿ ಉತ್ತರದ ರೈಲುಗಳು ಗಂಟೆಗಟ್ಟಲೆ ತಡವಾಗುವುದು ಮಾಮೂಲು. ಆ ಅವಧಿಯಲ್ಲಿ ವಾಪಸ್ ವಿಮಾನ ಇರುವ ದಿನವೇ ಭರತ್‌ಪುರ ಬಿಡುವ ಯೋಜನೆ ಹಾಕಬೇಡಿ.

ವಸತಿ ಗೇಟಿನಿಂದ ನಡೆದು ಹೋಗುವಷ್ಟು ಹತ್ತಿರವಿರಲಿ. ಹೆದ್ದಾರಿಯ ಸಾರಸ್ ವೃತ್ತದ ಆಸುಪಾಸಿನಲ್ಲಿ ಸಣ್ಣ ದೊಡ್ಡ ಹೋಟೆಲುಗಳು ಬೇಕಾದಷ್ಟಿವೆ. ಊರಿನ ಪೇಟೆಯಲ್ಲಿ ಕೋಣೆ ಅಗ್ಗ ಸಿಕ್ಕಿದರೂ ನಸುಕಿನಲ್ಲಿ ಆಟೊ ಸಿಗದೆ ಮೊದಲ ಮುಕ್ಕಾಲು ಗಂಟೆ ಹೋಗುತ್ತದೆ. ಆ ಮುಕ್ಕಾಲು ಗಂಟೆಗೇ ಇಷ್ಟು ದೂರ ಬಂದಿರುವುದು. ಬೆಳಗಿನ ತಿಂಡಿಯನ್ನು ಹಿಂದಿನ ರಾತ್ರಿಯೇ ಹೇಳಿ ಕಟ್ಟಿಸಿಕೊಳ್ಳಿ. ಪರಾಠ, ಬೇಯಿಸಿದ ಮೊಟ್ಟೆ, ಬಾಳೆಹಣ್ಣು ಹೊರಲು ಅನುಕೂಲ. ಒಬ್ಬರಿಗೆ ಎರಡು ಲೀಟರ್ ನೀರು.

ದುರ್ಬೀನು, ಬಟ್ಟೆ

ಜೌಗಿಗೆ 8×42 ದುರ್ಬೀನು ಎಲ್ಲಕ್ಕಿಂತ ಹೊಂದುತ್ತದೆ. ಎಂಟು ಎಂದರೆ ಎಷ್ಟು ಪಟ್ಟು ಹತ್ತಿರ ಎಂದು, 42 ಎಂದರೆ ಮುಂದಿನ ಮಸೂರದ ಅಗಲ ಮಿಲಿಮೀಟರಿನಲ್ಲಿ. 42ನ್ನು 8ರಿಂದ ಭಾಗಿಸಿದರೆ ಸುಮಾರು 5.2. ನಿಮ್ಮ ಕಣ್ಣಿಗೆ ಬೀಳುವ ಬೆಳಕಿನ ಕಂಬ ಅಷ್ಟು ಮಿಲಿಮೀಟರ್ ದಪ್ಪ. ಕೋಟಿನ ಜೇಬಿಗೆ ಹಿಡಿಸುವ 10×25ರಲ್ಲಿ ಇದು ಬರೀ 2.5. ಮಧ್ಯಾಹ್ನ ವ್ಯತ್ಯಾಸ ತಿಳಿಯುವುದಿಲ್ಲ. ನಸುಕಿನಲ್ಲಿ, ಮಂಜಿನಲ್ಲಿ, ಮರದ ನೆರಳಲ್ಲಿ ಕೂತ ಗೂಬೆಯ ಮೇಲೆ ಹಿಡಿದಾಗ ಕಪ್ಪು ಕಪ್ಪಾಗಿ ಕಂಡು ಬೇಸರ ಹುಟ್ಟಿಸುತ್ತದೆ.

ಬಾಡಿಗೆಗೋ ಸ್ನೇಹಿತರಿಂದಲೋ ತಂದದ್ದಾದರೆ ಕೋಣೆಯಲ್ಲೇ ಹೊಂದಿಸಿಕೊಳ್ಳಿ:

1. ಎರಡು ನಳಿಗೆಗಳನ್ನು ಮಡಚಿ ಬಿಡಿಸಿ, ಎರಡು ವೃತ್ತ ಸೇರಿ ಒಂದೇ ವೃತ್ತವಾಗುವಂತೆ ಮಾಡಿ.
2. ಕನ್ನಡಕದವರು ಕಣ್ಣಿನ ರಬ್ಬರ್ ಬಟ್ಟಲನ್ನು ಒಳಕ್ಕೆ ತಿರುಗಿಸಿ ಇಳಿಸಿ, ಕನ್ನಡಕ ಇಲ್ಲದವರು ಹೊರಕ್ಕೆ ಎಳೆಯಿರಿ.
3. ಬಲಗಣ್ಣು ಮುಚ್ಚಿ. ದೂರದ ಬೋರ್ಡೊಂದರ ಅಕ್ಷರ ಎಡಗಣ್ಣಿಗೆ ಸ್ಪಷ್ಟವಾಗುವವರೆಗೆ ನಡುವಿನ ಚಕ್ರ ತಿರುಗಿಸಿ.
4. ಈಗ ಎಡಗಣ್ಣು ಮುಚ್ಚಿ. ನಡುವಿನ ಚಕ್ರ ಮುಟ್ಟದೆ ಬಲಗಡೆಯ ಕಣ್ಣಬಳಿಯ ಸಣ್ಣ ಉಂಗುರ ತಿರುಗಿಸಿ ಅದೇ ಅಕ್ಷರ ಸ್ಪಷ್ಟ ಮಾಡಿ. ಉಂಗುರ ಎಲ್ಲಿ ನಿಂತಿತು ಎಂದು ನೆನಪಿಡಿ. ಮುಂದೆ ಅದನ್ನು ಮುಟ್ಟಬೇಕಿಲ್ಲ.

ನಾಲ್ಕನೆಯದನ್ನು ಬಿಟ್ಟವರಿಗೇ ಅರ್ಧ ದಿನದಲ್ಲಿ ತಲೆನೋವು ಬರುವುದು. ಚಳಿಯಲ್ಲಿ ತಣ್ಣಗಾದ ದುರ್ಬೀನನ್ನು ಏಕಾಏಕಿ ಬೆಚ್ಚಗಿನ ಕೋಣೆಗೆ ತಂದರೆ, ಅಥವಾ ತಣ್ಣಗಿನ ಮಸೂರದ ಹತ್ತಿರ ಬಾಯಿಯುಸಿರು ಬಿಟ್ಟರೆ ಹಬೆ ಕಟ್ಟುತ್ತದೆ. ಅಂಗಿಯ ತುದಿಯಿಂದ ಉಜ್ಜಬೇಡಿ, ತಾನಾಗಿ ಆರಲಿ.

ಸ್ಪಾಟಿಂಗ್ ಸ್ಕೋಪ್ (ಮುಕ್ಕಾಲಿಯ ಮೇಲಿಟ್ಟು ನೋಡುವ ಒಂಟಿ ನಳಿಗೆಯ ದೂರದರ್ಶಕ) ಇದ್ದರೆ ಒಯ್ಯಿರಿ. ಇಲ್ಲದಿದ್ದರೆ ಸ್ಕೋಪ್ ಇರುವ ಗೈಡ್ ಹಿಡಿಯಿರಿ. ದೂರದ ಬ್ಲಾಕಿನ ಬಾತುಗಳ ಗುಂಪನ್ನು ಬಿಡಿಸಿ ನೋಡಲು ಅದು ಬೇಕು.

ಜನವರಿಯ ಬೆಳಿಗ್ಗೆ ಪಾದರಸ 5 ಡಿಗ್ರಿಯ ಸುತ್ತ ಇರುತ್ತದೆ, ಮಧ್ಯಾಹ್ನ ಇಪ್ಪತ್ತು ದಾಟುತ್ತದೆ. ಒಂದು ದಪ್ಪ ಜಾಕೆಟ್‌ಗಿಂತ ಒಂದರ ಮೇಲೊಂದು ಮೂರು ತೆಳು ಬಟ್ಟೆ ಮೇಲು, ಬಿಸಿಲೇರಿದಂತೆ ಕಳಚಬಹುದು. ಬೆರಳು ಹೊರಗಿರುವ ಕೈಗವಸು ಮರೆಯಬೇಡಿ. ಸೈಕಲ್ ಮೇಲೆ ಎದುರುಗಾಳಿಗೆ ಬೆರಳು ಮರಗಟ್ಟಿದರೆ ದುರ್ಬೀನಿನ ಚಕ್ರ ತಿರುಗಿಸಲಾಗದು. ಬಣ್ಣ ಮಣ್ಣಿನದೋ ಒಣಹುಲ್ಲಿನದೋ ಇರಲಿ. ಬಿಳಿ ಮಾತ್ರ ಬೇಡ. ಏರಿಯ ಮೇಲಿನ ಹುಲ್ಲು ಒಂಬತ್ತರವರೆಗೂ ಇಬ್ಬನಿಯಲ್ಲಿ ತೊಯ್ದಿರುತ್ತದೆ, ಕ್ಯಾನ್ವಾಸ್ ಶೂ ಹತ್ತು ನಿಮಿಷದಲ್ಲಿ ಒದ್ದೆ. ಸಂಜೆಗೆ ಸೊಳ್ಳೆ ಮುಲಾಮು.

ಗೇಟಿನಲ್ಲಿ ಮಾಡುವ ಆಯ್ಕೆ

ಉದ್ಯಾನ ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ತೆರೆದಿರುತ್ತದೆ. ಗುರುತಿನ ಚೀಟಿ ಕೈಯಲ್ಲಿರಲಿ, ದೇಶದವರಿಗೂ ವಿದೇಶಿಯರಿಗೂ ದರ ಬೇರೆ. ಹೊರದೇಶದ ಪಾಸ್‌ಪೋರ್ಟ್ ಇರುವ ಕನ್ನಡಿಗರು ಓಸಿಐ ಕಾರ್ಡನ್ನೇ ತಂದಿರಿ. ಖಾಸಗಿ ವಾಹನವನ್ನು ಜೌಗಿನವರೆಗೆ ಬಿಡುವುದಿಲ್ಲ, ಒಳ್ಳೆಯದೇ ಆಯಿತು.

ಒಳಗೆ ಓಡಾಡಲು ಮೂರು ದಾರಿ: ನಡಿಗೆ, ಬಾಡಿಗೆ ಸೈಕಲ್, ರಿಕ್ಷಾ. ಗೇಟಿನಿಂದ ಕೇವಲಾದೇವ ಶಿವಾಲಯದವರೆಗೆ ಟಾರು ರಸ್ತೆ ಸುಮಾರು 5 ಕಿ.ಮೀ. ಮೊದಲ ಬೆಳಿಗ್ಗೆ ರಿಕ್ಷಾ ಹಿಡಿಯುವುದು ಬುದ್ಧಿವಂತಿಕೆ. ಇಲ್ಲಿನ ರಿಕ್ಷಾದವರಲ್ಲಿ ಹಲವರು ದಶಕಗಳಿಂದ ಹಕ್ಕಿ ತೋರಿಸಿ ಪಳಗಿದವರು. ಇವತ್ತು ಗೂಬೆ ಯಾವ ಮರದಲ್ಲಿ ಕೂತಿದೆ, ಹೆಬ್ಬಾವು ಯಾವ ಬಿಲದ ಬಾಯಲ್ಲಿ ಮೈ ಕಾಯಿಸುತ್ತಿದೆ ಎಂಬುದು ಅವರಿಗೆ ನಿನ್ನೆಯಿಂದಲೇ ಗೊತ್ತು. ಗಂಟೆಗಿಷ್ಟು ಎಂಬ ದರ ಗೇಟಿನ ಬಳಿ ಬರೆದಿರುತ್ತದೆ, ಹತ್ತುವ ಮೊದಲು ಓದಿ. ಹತ್ತಿದ ಮೇಲೆ ಒಂದು ಮಾತು ಹೇಳಿ: ‘ಭಯ್ಯಾ, ಧೀರೇ ಧೀರೇ, ಕೋಯಿ ಜಲ್ದಿ ನಹೀಂ.’ ಗಂಟೆ ಲೆಕ್ಕದಲ್ಲಿ ಕೊಡುವಾಗ ನಿಧಾನಕ್ಕೆ ಅವರದೂ ತಕರಾರಿಲ್ಲ. ಹಕ್ಕಿಗಳ ಇಂಗ್ಲಿಷ್ ಹೆಸರು ಅವರ ನಾಲಿಗೆಯ ಮೇಲಿದೆ. ಊರ ಹೆಸರು ತಿಳಿದಿದ್ದರೆ ಮಾತು ಇನ್ನಷ್ಟು ಬೆಳೆಯುತ್ತದೆ. ಬಣ್ಣದ ಕೊಕ್ಕರೆ ಅವರಿಗೆ ಜಾಂಘಿಲ್, ಬಾಯ್ಕಳಕ ಘೋಂಘಿಲ್.

ಎರಡನೆಯ ದಿನಕ್ಕೆ ಸೈಕಲ್. ಎರಡೂ ಬ್ರೇಕು ಹಿಡಿದು ನೋಡಿ, ಟೈರು ಒತ್ತಿ ನೋಡಿ, ಸೀಟು ನಿಮ್ಮ ಎತ್ತರಕ್ಕೆ ಏರಿಸಿ ಬಿಗಿ ಮಾಡಿಸಿ. ಕಿರುಗುಟ್ಟುವ ಸೈಕಲ್ ಕೊಟ್ಟರೆ ಚೈನಿಗೆ ಎಣ್ಣೆ ಹಾಕಿಸಿ. ಆ ಸದ್ದಿಗೆ ಇಪ್ಪತ್ತು ಹೆಜ್ಜೆ ಮುಂದಿದ್ದ ನೆಲಸಿಳ್ಳಾರ ಪೊದೆ ಸೇರಿರುತ್ತದೆ.

ಮೊದಲ ಬೆಳಿಗ್ಗೆ

ಗೇಟು ತೆರೆದೊಡನೆ ಎಲ್ಲರೂ ಒಂದೇ ಉಸಿರಿಗೆ ಜೌಗಿಗೆ ಧಾವಿಸುತ್ತಾರೆ. ಮಂಜಿರುವ ದಿನ ಹಾಗೆ ಮಾಡುವುದು ವ್ಯರ್ಥ, ಒಂಬತ್ತೂವರೆ ಹತ್ತರವರೆಗೆ ನೀರಿನ ಮೇಲೆ ಹತ್ತು ಮೀಟರ್ ಆಚೆಗೆ ಏನೂ ಕಾಣದು. ಆ ಹೊತ್ತನ್ನು ಗೇಟಿನ ಹತ್ತಿರದ ಕಾಡಿಗೂ ನರ್ಸರಿಯ ಪೊದೆಗಳಿಗೂ ಕೊಡಿ. ಹಗಲು ನಿದ್ದೆಗೆ ಕೂತ ಗೂಬೆ, ಒಣ ಎಲೆಯಲ್ಲಿ ಎಲೆಯಾಗಿ ಮಲಗಿದ ನತ್ತಿಂಗ ಎಂಬ ಇರುಳುಹಕ್ಕಿ, ತರಗೆಲೆ ಕೆದರುವ ನೆಲಸಿಳ್ಳಾರ ಇಲ್ಲಿ ಸಿಗುತ್ತವೆ. ನತ್ತಿಂಗವನ್ನು ಗೈಡ್ ತೋರಿಸಿದ ಮೇಲೂ ಹುಡುಕಲು ಎರಡು ನಿಮಿಷ ಬೇಕು. ಒಂಟಿಯಾಗಿ ಹೋಗಿ ಕಂಡುಹಿಡಿಯುತ್ತೇನೆಂಬ ಹಟ ಬೇಡ.

ಆಕಾಶ ತಿಳಿಯಾಗಿದ್ದರೆ ಮಾತ್ರ ನೇರ ಸಪನ್ ಮೋರಿಗೆ ಹೋಗಿ. ಗೇಟಿನಿಂದ ದೇವಸ್ಥಾನದ ಕಡೆಗೆ ರಸ್ತೆ ಸ್ಥೂಲವಾಗಿ ದಕ್ಷಿಣಕ್ಕೆ ಸಾಗುತ್ತದೆ. ಬೆಳಿಗ್ಗೆ ಹೋಗುವಾಗ ಬಲಗಡೆಯ ನೀರು ನೋಡಿ, ಸೂರ್ಯ ಬೆನ್ನ ಹಿಂದಿರುತ್ತಾನೆ, ಗರಿಯ ಬಣ್ಣ ಕಾಣುತ್ತದೆ. ಎಡಗಡೆಯವು ಆಗ ಬರೀ ಕಪ್ಪು ನೆರಳು. ಸಂಜೆಗೆ ಇದು ತಿರುಗುಮುರುಗು. ದುರ್ಬೀನಿಗೆ ಎಷ್ಟು ದುಡ್ಡು ಸುರಿದರೂ ಸೂರ್ಯನಿಗೆ ಎದುರಾಗಿ ನಿಂತು ಹೆಣ್ಣು ಬಾತುಗಳನ್ನು ಬೇರ್ಪಡಿಸಲಾಗದು.

ನೀರಿನ ಆಳ ಓದುವುದು

ಇದು ಕಲಿತರೆ ಹಕ್ಕಿ ಪುಸ್ತಕದ ಅರ್ಧ ಕೆಲಸ ಮುಗಿದಂತೆ. ಜೌಗಿನಲ್ಲಿ ಯಾವ ಹಕ್ಕಿ ಎಲ್ಲಿ ನಿಲ್ಲುತ್ತದೆ ಎಂಬುದನ್ನು ಅದರ ಕಾಲು, ಕೊಕ್ಕು ತೀರ್ಮಾನಿಸುತ್ತವೆ.

ದಡದ ಹಸಿ ಕೆಸರಿನಲ್ಲಿ ಕುಂಡೆಕುಸ್ಕ, ಗದ್ದೆಗೊರವ, ಟಿಟ್ಟಿಭ. ಬಾಲ ಅಥವಾ ಹಿಂಭಾಗ ಎತ್ತೆತ್ತಿ ಕುಣಿಸುತ್ತಿದ್ದರೆ ಮೊದಲೆರಡರಲ್ಲೊಂದು. ಅಂಗೈ ಮುಳುಗುವಷ್ಟು ನೀರಿನಲ್ಲಿ ಗುಲಾಬಿ ಕಾಲಿನ ಮೆಟ್ಟುಗಾಲು ಹಕ್ಕಿ. ಮೊಳಕಾಲಿಗೆ ಸ್ವಲ್ಪ ಕೆಳಗಿನವರೆಗೆ ಬರುವ ನೀರು ಬೆಳ್ಳಕ್ಕಿ, ಬಕ, ಕೊಕ್ಕರೆಗಳದು. ಇಲ್ಲಿ ಹಿಡಿಯುವ ಬಗೆ ನೋಡಿ. ಬಕ ಕಣ್ಣಿಟ್ಟು ಕಾದು ಚುಚ್ಚುತ್ತದೆ, ಅದಕ್ಕೆ ತಿಳಿನೀರು ಬೇಕು. ಬಣ್ಣದ ಕೊಕ್ಕರೆ ಕೊಕ್ಕನ್ನು ಅರೆ ತೆರೆದು ನೀರೊಳಗಿಟ್ಟು ಅತ್ತಿತ್ತ ಆಡಿಸುತ್ತಾ ಕಾಲಿನಿಂದ ಕೆಸರು ಕದಡುತ್ತದೆ, ಮೀನು ತಾಗಿದೊಡನೆ ಕೊಕ್ಕು ಮುಚ್ಚಿಕೊಳ್ಳುತ್ತದೆ. ಕಣ್ಣಿನ ಹಂಗಿಲ್ಲದ್ದರಿಂದ ಬಗ್ಗಡದಲ್ಲೂ ಅದರ ಹೊಟ್ಟೆ ತುಂಬುತ್ತದೆ. ಚಮಚಕೊಕ್ಕಿನ ಹಕ್ಕಿ ಕುಡುಗೋಲು ಬೀಸಿದಂತೆ ಅರ್ಧ ಚಂದ್ರಾಕಾರ ಬೀಸುತ್ತಾ ಮುಂದೆ ನಡೆಯುತ್ತದೆ. ಬಾಯ್ಕಳಕದ ಕೊಕ್ಕಿನ ನಡುವೆ ಸಂದಿ ಇರುವುದು ಬಸವನಹುಳುವಿನ ಕೆಲಸಕ್ಕೆ. ಅದು ನೀರಲ್ಲಿ ತಲೆ ಮುಳುಗಿಸಿ ತಡಕಾಡುತ್ತಿದ್ದರೆ ಆ ಬ್ಲಾಕಿನಲ್ಲಿ ಬಸವನಹುಳು ಬೇಕಾದಷ್ಟಿವೆ ಎಂದರ್ಥ.

ತೇಲುವ ಎಲೆಗಳು ಹಾಸಿದಲ್ಲಿ ದೇವನಕ್ಕಿ. ಉದ್ದುದ್ದ ಬೆರಳುಗಳಿಂದ ಭಾರ ಹಂಚಿಕೊಂಡು ಎಲೆಯ ಮೇಲೆಯೇ ನಡೆದಾಡುತ್ತದೆ. ಜೊಂಡಿನ ಅಂಚಿನಲ್ಲಿ ಜಂಬುಕೋಳಿ, ನಡುವೆ ಕೆನ್ನೀಲಿ ಬಕ. ಇದನ್ನು ಹುಡುಕುವುದಲ್ಲ, ಕಾಯುವುದು. ಜೊಂಡಿನ ನಡುವಿನ ಸಂದಿಯೊಂದಕ್ಕೆ ದುರ್ಬೀನು ಹಿಡಿದು ಐದು ನಿಮಿಷ ಅಲ್ಲಾಡದೆ ನಿಂತರೆ ‘ಕಡ್ಡಿ’ಗಳಲ್ಲೊಂದು ಕತ್ತು ತಿರುಗಿಸುತ್ತದೆ.

ಇನ್ನು ಬಾತುಗಳು. ಮಂಡಿಯಾಳದೊಳಗಿನ ನೀರಿನಲ್ಲಿ ತಲೆ ಕೆಳಗೆ ಬಾಲ ಮೇಲೆ ಮಾಡಿ ತಳದ ಬೇರು ಬೀಜ ತಿನ್ನುವವು ಒಂದು ಪಂಗಡ: ಸೂಜಿಬಾಲದ ಬಾತು, ಗ್ಯಾಡ್‌ವಾಲ್, ಟೀಲ್, ಸಲಿಕೆಯಂಥ ಕೊಕ್ಕಿನ ಶವೆಲರ್. ಇವು ಹಾರುವಾಗ ನೀರಿನಿಂದ ನೇರ ಮೇಲಕ್ಕೆ ಚಿಮ್ಮುತ್ತವೆ. ಆಳದ ನೀರಿನಲ್ಲಿ ಪೂರ್ತಿ ಮುಳುಗಿ ಏಳುವ ಪೋಚಾರ್ಡ್‌ನಂಥವು ಇನ್ನೊಂದು ಪಂಗಡ. ಇವು ನೀರಿನ ಮೇಲೆ ಓಡಿ ಆಮೇಲೆ ಏರುತ್ತವೆ. ನಾಮದ ಕೋಳಿಯೂ ಹಾಗೆಯೇ ಓಡುತ್ತದೆ, ಆದರೆ ಅದು ಬಾತಲ್ಲ, ಹಣೆಯ ಬಿಳಿ ನಾಮ ನೋಡಿ. ನಾಲ್ಕೈದು ಶವೆಲರ್ ಒಂದೇ ಜಾಗದಲ್ಲಿ ಗಾಣದೆತ್ತಿನಂತೆ ಸುತ್ತು ಹಾಕುತ್ತಿದ್ದರೆ ಗಾಬರಿ ಬೇಡ, ಸುಳಿ ಎಬ್ಬಿಸಿ ಆಹಾರ ಮೇಲೆ ತಂದುಕೊಳ್ಳುತ್ತಿವೆ.

ನೀರು ನೆಲ ಸೇರುವ ಒದ್ದೆ ಹುಲ್ಲಿನಲ್ಲಿ ಸಾರಸ. ಸಾಮಾನ್ಯವಾಗಿ ಜೋಡಿ, ಒಮ್ಮೊಮ್ಮೆ ಜತೆಗೊಂದು ಕಂದು ತಲೆಯ ಮರಿ. ಮನುಷ್ಯನೆತ್ತರದ ಈ ಹಕ್ಕಿಯ ಕಹಳೆ ಬಹಳ ದೂರದಿಂದಲೇ ಕೇಳುತ್ತದೆ. ಇದೇ ಜೌಗಿಗೆ ಸೈಬೀರಿಯಾದ ಬಿಳಿ ಕ್ರೌಂಚವೂ ಜೊಂಡಿನ ಗೆಡ್ಡೆ ಅಗೆಯಲು ಬರುತ್ತಿತ್ತು. 2001–02ರ ಚಳಿಗಾಲದ ಒಂದು ಜೋಡಿಯೇ ಕೊನೆಯದು. ಈಗಲೂ ಅದನ್ನು ತೋರಿಸುತ್ತೇನೆ ಎನ್ನುವವರಿದ್ದರೆ ದುಡ್ಡು ಕೊಡಬೇಡಿ.

ಎಲ್ಲ ಬಾತುಗಳೂ ಒಮ್ಮೆಲೇ ಗದ್ದಲವೆಬ್ಬಿಸಿ ಎದ್ದವೆಂದರೆ ಅವುಗಳ ಹಿಂದೆ ಹೋಗಬೇಡಿ, ತಲೆಯೆತ್ತಿ. ಜೌಗು ಸೆಳೆವವೋ ಹದ್ದಿನ ಜಾತಿಯ ದೊಡ್ಡ ಬೇಟೆಹಕ್ಕಿಯೋ ಮೇಲಿರುತ್ತದೆ. ರೆಕ್ಕೆಗಳನ್ನು ಇಂಗ್ಲಿಷಿನ ‘ವಿ’ಯಂತೆ ಮೇಲೆತ್ತಿ ಜೊಂಡಿನ ಮೇಲೆ ತಗ್ಗಾಗಿ ತೇಲಿದರೆ ಸೆಳೆವ.

ಗೂಡಿನ ಮರಗಳು

ನೀರಿನ ನಡುವೆ ಮಣ್ಣಿನ ದಿಬ್ಬ ಮಾಡಿ ಕರಿಜಾಲಿ ನೆಟ್ಟಿದ್ದಾರೆ. ಸುತ್ತ ನೀರಿದ್ದಷ್ಟು ದಿನ ಕಾಡುಬೆಕ್ಕು, ನರಿಗಳು ಗೂಡಿಗೆ ಸುಲಭವಾಗಿ ಬರಲಾರವು, ಹಾಗಾಗಿ ನೀರು ಇಳಿದ ವರ್ಷ ಹಕ್ಕಿಗಳು ಕಟ್ಟಲು ಹಿಂಜರಿಯುತ್ತವೆ. ಒಂದು ಮರವನ್ನು ಆರಿಸಿಕೊಂಡು ಅರ್ಧ ಗಂಟೆ ಅಲ್ಲೇ ಕೂತುಬಿಡಿ, ಹತ್ತು ಮರ ಸುತ್ತುವುದಕ್ಕಿಂತ ಹೆಚ್ಚು ಕಾಣುತ್ತದೆ. ಬಣ್ಣದ ಕೊಕ್ಕರೆ ಮರದ ನೆತ್ತಿ ಹಿಡಿದಿರುತ್ತದೆ, ಬೆಳ್ಳಕ್ಕಿಗಳು ಕೆಳಗಿನ ಕೊಂಬೆಗಳಲ್ಲಿ. ಬಿಸಿಲೇರಿದಾಗ ತಾಯಿಯೋ ತಂದೆಯೋ ರೆಕ್ಕೆ ಬಿಚ್ಚಿ ಮರಿಗೆ ನೆರಳು ಹಿಡಿಯುತ್ತದೆ. ನಿಮ್ಮನ್ನು ಕಂಡು ಅದು ಎದ್ದು ನಿಂತರೆ ಹಿಂದೆ ಸರಿಯಿರಿ. ಹತ್ತು ನಿಮಿಷ ಬಿಸಿಲಿಗೆ ಬಿದ್ದರೆ ರೋಮ ಬರದ ಮರಿ ಉಳಿಯುವುದು ಕಷ್ಟ, ಕಾಗೆಗೂ ಅಷ್ಟು ಹೊತ್ತು ಸಾಕು.

ಅಲ್ಲೇ ಸಾಮಾನ್ಯವಾಗಿ ತಪ್ಪಾಗುವ ಗುರುತುಗಳು ಕೆಲವು. ರೆಕ್ಕೆ ಒಣಗಿಸುತ್ತಾ ಕೂತ ಕಪ್ಪು ಹಕ್ಕಿಯ ಕೊಕ್ಕಿನ ತುದಿ ಕೊಂಡಿಯಂತೆ ಬಾಗಿದ್ದರೆ ನೀರುಕಾಗೆ, ಈಟಿಯಂತೆ ನೇರವಾಗಿದ್ದು ಕತ್ತು ಹಾವಿನಂತಿದ್ದರೆ ಹಾವಕ್ಕಿ. ಮಾಸಲು ಕಂದು ಬಣ್ಣದ, ರೆಕ್ಕೆಯಲ್ಲಿ ಗುಲಾಬಿಯೇ ಇಲ್ಲದ ಕೊಕ್ಕರೆ ಬೇರೆ ಜಾತಿಯಲ್ಲ, ಬಣ್ಣದ ಕೊಕ್ಕರೆಯ ಮರಿ. ಅಕ್ಟೋಬರಿನಲ್ಲಿ ಹೋದವರಿಗೆ ಗಂಡು ಬಾತೇ ಕಾಣಲಿಲ್ಲವೆಂದು ಅನಿಸುವುದುಂಟು. ಗಂಡುಗಳೂ ಆಗ ಹೆಣ್ಣಿನಂತೆಯೇ ಕಂದು ವೇಷದಲ್ಲಿರುತ್ತವೆ, ನವೆಂಬರ್ ಕಳೆಯುತ್ತ ಬಣ್ಣ ಬರುತ್ತದೆ. ಆ ತಿಂಗಳಲ್ಲಿ ಮೈಬಣ್ಣ ಬಿಟ್ಟು ಕೊಕ್ಕಿನ ಆಕಾರ, ಹಾರುವಾಗಿನ ರೆಕ್ಕೆಯ ಪಟ್ಟಿ ನೋಡಿ.

ಮಧ್ಯಾಹ್ನ

ಹನ್ನೊಂದರಿಂದ ಮೂರರವರೆಗೆ ಬಾತುಗಳು ತಲೆ ಬೆನ್ನಿಗಿಟ್ಟು ನಿದ್ದೆ. ದೇವಸ್ಥಾನದವರೆಗೆ ಹೋಗಿ. ಅಲ್ಲಿನ ಕಲ್ಲಿನ ಮೇಲೆ ರಾಜರ ಕಾಲದ ಬೇಟೆಯ ಲೆಕ್ಕ ಕೆತ್ತಿದ್ದಾರೆ. 1938ರ ನವೆಂಬರ್ 12ರಂದು ವೈಸರಾಯ್ ಲಿನ್‌ಲಿತ್‌ಗೋ ಬಂದಾಗ ಒಂದೇ ದಿನ 4,273 ಹಕ್ಕಿ ಬಿದ್ದವು. ಏರಿ, ತೂಬು, ಬ್ಲಾಕುಗಳನ್ನು ಈ ರೀತಿ ತಿದ್ದಿದ್ದೂ ಆ ಬೇಟೆಗಾಗಿಯೇ. ಬಾತು ಇಳಿಯಲು ಯಾವ ಆಳ ಬೇಕೆಂದು ಬೇಟೆಗಾರರಿಗೆ ಚೆನ್ನಾಗಿ ಗೊತ್ತಿತ್ತು.

ತಿಂಡಿ ಪೊಟ್ಟಣ ಇಲ್ಲಿ ಬಿಚ್ಚುವಾಗ ಮಂಗಗಳನ್ನು ನೋಡಿಕೊಳ್ಳಿ. ಸೈಕಲ್ಲಿನ ಬುಟ್ಟಿಯಲ್ಲಿ ಚೀಲ ಬಿಟ್ಟು ಹತ್ತು ಹೆಜ್ಜೆ ಹೋದರೂ ಮುಗಿಯಿತು.

ಚಳಿಗಾಲದ ಮಧ್ಯಾಹ್ನವೇ ಹೆಬ್ಬಾವು ನೋಡುವ ಹೊತ್ತು, ಬಿಲದ ಬಾಯಿಗೆ ಬಂದು ಬಿಸಿಲು ಕಾಯುತ್ತದೆ. ಕನಿಷ್ಠ ಹತ್ತು ಮೀಟರ್ ದೂರದಲ್ಲಿ, ಹೆಜ್ಜೆ ಸದ್ದಿಲ್ಲದೆ ನಿಲ್ಲಿ. ನೆಲದ ಅದುರು ಅದಕ್ಕೆ ತಿಳಿಯುತ್ತದೆ. ಬೆಚ್ಚಿ ಒಳಗೆ ಹೋದರೆ ಆ ದಿನದ ಶಾಖ ಅದಕ್ಕೆ ನಷ್ಟ, ಚಳಿಗಾಲದಲ್ಲಿ ಅದು ಸಣ್ಣ ನಷ್ಟವಲ್ಲ. ಏರಿಯ ದಾರಿ ಬಿಟ್ಟು ಹುಲ್ಲಿಗಿಳಿಯಬೇಡಿ. ನೀರ ಮೇಲೆ ಹಬ್ಬಿದ ಹುಲ್ಲು ಗಟ್ಟಿ ನೆಲದಂತೆ ಕಾಣುತ್ತದೆ, ಕಾಲಿಟ್ಟರೆ ತೊಡೆಯವರೆಗೆ ಕೆಸರು. ಈ ಹುಲ್ಲಿಗೂ ಒಂದು ಕತೆಯಿದೆ. 1982ರಲ್ಲಿ ರಾಷ್ಟ್ರೀಯ ಉದ್ಯಾನವಾದ ವರ್ಷವೇ ಎಮ್ಮೆ ಮೇಯಿಸುವುದನ್ನು ನಿಲ್ಲಿಸಿದರು. ಮೇಯುವವರಿಲ್ಲದೆ ಪ್ಯಾಸ್ಪಾಲಮ್ ಎಂಬ ಹುಲ್ಲು ತೆರೆದ ನೀರನ್ನೇ ಮುಚ್ಚತೊಡಗಿತು, ಬಾತುಗಳಿಗೆ ಇಳಿಯಲು ಜಾಗ ಕಡಿಮೆಯಾಯಿತು. ಎಮ್ಮೆ ಅಲ್ಲಿ ಬೇಡದ ಅತಿಥಿಯಾಗಿರಲಿಲ್ಲ ಎಂದು ಮುಂಬಯಿ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ದೀರ್ಘ ಅಧ್ಯಯನವೇ ತೋರಿಸಿತು.

ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವುದು, ಡ್ರೋನ್ ಹಾರಿಸುವುದು ಎರಡೂ ಬೇಡ.

ಫೋಟೊ ತೆಗೆಯುವವರಿಗೆ

ಕನಿಷ್ಠ 400 ಮಿ.ಮೀ. ಲೆನ್ಸ್. ಹಾರುವ ಬಾತಿಗೆ ಶಟರ್ 1/2000 ಸೆಕೆಂಡಿನ ಆಸುಪಾಸು, ಕೂತ ಕೊಕ್ಕರೆಗೆ 1/500 ಸಾಕು. ಕಪ್ಪು ನೀರಿನೆದುರು ಬೆಳ್ಳಕ್ಕಿ ಸುಣ್ಣ ಬಳಿದಂತೆ ಬರುವುದು ಕ್ಯಾಮೆರಾ ನೀರನ್ನು ನೋಡಿ ಬೆಳಕು ಹೆಚ್ಚಿಸಿಕೊಳ್ಳುವುದರಿಂದ. ಎಕ್ಸ್‌ಪೋಷರ್ ಅನ್ನು ಒಂದು ಸ್ಟಾಪ್ ಇಳಿಸಿ. ಮಂಜಿನಲ್ಲಿ ಇದರ ತದ್ವಿರುದ್ಧ, ಮುಕ್ಕಾಲು ಸ್ಟಾಪ್ ಏರಿಸದಿದ್ದರೆ ಬೂದಿ ಬಣ್ಣ ಬರುತ್ತದೆ. ನಿಂತು ತೆಗೆಯುವುದಕ್ಕಿಂತ ಏರಿಯ ಮೇಲೆ ಕೂತು ತೆಗೆದರೆ ಹಕ್ಕಿಯ ಕಣ್ಣಿನ ಮಟ್ಟಕ್ಕೆ ಹತ್ತಿರವಾಗುತ್ತೀರಿ. ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ, ಇನ್ನೊಂದನ್ನು ಒಳಜೇಬಿನಲ್ಲಿ ಬೆಚ್ಚಗಿಟ್ಟುಕೊಳ್ಳಿ.

ಸಂಜೆ ಮತ್ತು ಎಣಿಕೆ

ಮೂರೂವರೆಗೆ ಮತ್ತೆ ಸಪನ್ ಮೋರಿಗೆ ಬನ್ನಿ, ಈಗ ಪೂರ್ವದ ನೀರು ನೋಡುವ ಸರದಿ. ಬೆಳ್ಳಕ್ಕಿ, ಕೆಂಬರಲು ಸಾಲುಸಾಲಾಗಿ ಮಲಗುವ ಮರಗಳಿಗೆ ವಾಪಸ್ಸಾಗುತ್ತವೆ.

ಹಿಂಡು ಎಣಿಸುವಾಗ ಒಂದೊಂದಾಗಿ ಎಣಿಸಹೋದರೆ ಮೂವತ್ತಕ್ಕೆ ತಪ್ಪುತ್ತದೆ. ಹತ್ತು ಹಕ್ಕಿ ಸರಿಯಾಗಿ ಎಣಿಸಿ, ಆ ಹತ್ತು ಎಷ್ಟು ಜಾಗ ಹಿಡಿದಿವೆ ಎಂದು ಕಣ್ಣಳತೆ ಇಟ್ಟುಕೊಳ್ಳಿ. ಅದೇ ಅಳತೆಯನ್ನು ಹಿಂಡಿನ ಉದ್ದಕ್ಕೂ ಎಡದಿಂದ ಬಲಕ್ಕೆ ಸರಿಸುತ್ತಾ ಹೋಗಿ. ಎರಡು ಸಲ ಎಣಿಸಿ, ಬಹಳ ವ್ಯತ್ಯಾಸ ಬಂದರೆ ಮೂರನೆಯ ಸಲ. ಹಕ್ಕಿ ಪಟ್ಟಿಗಳನ್ನು ದಾಖಲಿಸುವ ಇ-ಬರ್ಡ್ ಜಾಲತಾಣಕ್ಕೆ ಹಾಕುವುದಾದರೆ ಇಡೀ ದಿನಕ್ಕೆ ಒಂದೇ ಪಟ್ಟಿ ಮಾಡದೆ ಕಾಡಿಗೊಂದು, ಒಂದೊಂದು ಬ್ಲಾಕಿಗೊಂದು ಎಂದು ಬೇರೆ ಬೇರೆ ಪಟ್ಟಿ ಮಾಡಿ, ಹೊರಟ ಹೊತ್ತು ಮತ್ತು ದೂರ ಬರೆಯಿರಿ. ಯಾವ ಬ್ಲಾಕಿನಲ್ಲಿ ನೀರು ಎಷ್ಟಿತ್ತು ಎಂದು ಒಂದು ಸಾಲು ಸೇರಿಸಿದರೆ ಮುಂದಿನವರಿಗೆ ಹಕ್ಕಿಯ ಪಟ್ಟಿಗಿಂತ ಅದೇ ಹೆಚ್ಚು ಉಪಯೋಗ.

ದೇವಸ್ಥಾನದ ಬಳಿಯಿದ್ದರೆ ಸೂರ್ಯಾಸ್ತಕ್ಕೆ ಮುಕ್ಕಾಲು ಗಂಟೆ ಇರುವಾಗಲೇ ಸೈಕಲ್ ತಿರುಗಿಸಿ. ದಾರಿಯಲ್ಲಿ ನೀಲಗಾಯ್, ಕಡವೆ ಅಡ್ಡ ಬರುತ್ತವೆ, ರಸ್ತೆಗೆ ದೀಪವಿಲ್ಲ.

ನೀರಿಲ್ಲದ ವರ್ಷ

ಫೋನಿನಲ್ಲಿ ‘ಪಾನಿ ಕಮ್ ಹೈ’ ಎಂಬ ಉತ್ತರ ಬಂದರೆ ಟಿಕೆಟ್ ರದ್ದು ಮಾಡಲೇಬೇಕೆಂದಿಲ್ಲ, ಯೋಜನೆ ಬದಲಾಯಿಸಿಕೊಳ್ಳಿ. ಗೂಡಿನ ಮರಗಳು ಖಾಲಿ ಇರಬಹುದು. ಆದರೆ ಉಳಿದ ಒಂದೆರಡು ಗುಂಡಿಗಳಿಗೆ ಎಲ್ಲ ಹಕ್ಕಿಗಳೂ ಮುಗಿಬೀಳುವುದರಿಂದ ಹತ್ತಿರದಿಂದ ಕಾಣುತ್ತವೆ. ಒಣ ಹುಲ್ಲಿನಲ್ಲಿ ಇಲಿ ಹೆಚ್ಚಿ ಸೆಳೆವ, ಗಿಡುಗಗಳು ಚೆನ್ನಾಗಿರುತ್ತವೆ. ಕಾಡಿನ ಗೂಬೆ, ನೆಲಸಿಳ್ಳಾರಗಳಿಗೆ ಜೌಗಿನ ನೀರಿನ ಚಿಂತೆಯಿಲ್ಲ. ಆಗ ಒಂದೇ ದಿನ ಭರತ್‌ಪುರಕ್ಕಿಟ್ಟು, ಎರಡನೆಯ ದಿನ ಧೋಲ್‌ಪುರದ ಕಡೆ ಚಂಬಲ್ ನದಿಗೆ ಹೋಗಿ ದೋಣಿ ಹತ್ತಿ. ಕೆಳಕೊಕ್ಕು ಉದ್ದವಿರುವ ಸ್ಕಿಮ್ಮರ್ ಹಕ್ಕಿಯೂ ಘರಿಯಲ್ ಮೊಸಳೆಯೂ ಅಲ್ಲಿನ ಮರಳದಿಣ್ಣೆಗಳಲ್ಲಿವೆ. ಎರಡೂ ಕೇವಲಾದೇವದಲ್ಲಿ ಸಿಗುವಂಥವಲ್ಲ.